ಮನೆಯ ದಾಸ್ತಾನು, ಸಂಘದ ಲೆಕ್ಕ: ಸ್ವಸಹಾಯ ಸಂಘಗಳಿಗೆ ಒಂದು ಬಹಿರಂಗ ಪತ್ರ

ಗೆ,
ಕರ್ನಾಟಕದ ಸ್ತ್ರೀಶಕ್ತಿ ಗುಂಪುಗಳ ಹಾಗೂ ಸಂಜೀವಿನಿ ಸ್ವಸಹಾಯ ಸಂಘಗಳ ಎಲ್ಲ ಸದಸ್ಯೆಯರಿಗೆ

ವಿಷಯ: ನೆರೆ, ಬರ ಮತ್ತು ದುಡಿಮೆ ನಿಲ್ಲುವ ದಿನಗಳಿಗೆ ಸಂಘದ ಮೂಲಕ ಮನೆಗಳನ್ನು ಸಜ್ಜುಗೊಳಿಸುವ ಕುರಿತು.

ಮಾನ್ಯ ಸದಸ್ಯೆಯರೇ,

ಕಳೆದ ಕೆಲವು ವರ್ಷಗಳಲ್ಲಿ ರಾಜ್ಯದ ಕುಟುಂಬಗಳು ಕಂಡ ಸಂಕಷ್ಟಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮಕ್ಕಂದೂರು, ಜೋಡುಪಾಲ ಮೊದಲಾದ ಊರುಗಳ ಸಂಪರ್ಕ ಕಡಿದುಹೋಯಿತು. ಮರುವರ್ಷದ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳು ನೀರಿನಲ್ಲಿ ನಿಂತವು. 2020ರ ಮಾರ್ಚ್ 25ರಿಂದ ದೇಶವಿಡೀ ಲಾಕ್‌ಡೌನ್ ಜಾರಿಯಾಗಿ ದಿನಗೂಲಿಯನ್ನೇ ನಂಬಿದ ಮನೆಗಳ ವರಮಾನ ರಾತ್ರಿ ಕಳೆಯುವಷ್ಟರಲ್ಲಿ ನಿಂತುಹೋಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಇವುಗಳ ಕಾರಣ ಬೇರೆ ಬೇರೆಯಾದರೂ ಅಡುಗೆಮನೆಗೆ ಬಿದ್ದ ಪೆಟ್ಟು ಹೆಚ್ಚುಕಡಿಮೆ ಒಂದೇ ಬಗೆಯದು: ಅಂಗಡಿಗೆ ಸರಕು ಬರುವುದಿಲ್ಲ, ಬಂದರೂ ಕೊಳ್ಳಲು ಕೈಯಲ್ಲಿ ಕಾಸಿರುವುದಿಲ್ಲ, ಕರೆಂಟು ಹೋಗಿ ಮೋಟಾರು ನಿಂತು ನಲ್ಲಿಯಲ್ಲಿ ನೀರಿರುವುದಿಲ್ಲ, ಮೊಬೈಲಿನ ಚಾರ್ಜು ಮುಗಿದು ಸುದ್ದಿ ತಿಳಿಯುವುದಿಲ್ಲ. ಸರ್ಕಾರದ ನೆರವು ಮನೆಬಾಗಿಲು ಮುಟ್ಟುವವರೆಗಿನ ಆ ನಡುವಿನ ದಿನಗಳನ್ನು ಹೇಗೆ ದಾಟಬೇಕೆಂಬ ಪ್ರಶ್ನೆಯನ್ನು ಸಂಘಗಳ ಮುಂದಿಡುವುದು ಈ ಪತ್ರದ ಉದ್ದೇಶ.

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಎರಡು ಕಡೆಯಿಂದ ನೋಡಲಾಗುತ್ತದೆ. ಸಿದ್ಧತೆಯೆಂದರೆ ಆಯಾ ಮನೆಯವರು ತಮಗೆ ಬೇಕಾದಷ್ಟು ಕೂಡಿಟ್ಟುಕೊಳ್ಳುವುದು ಎಂಬುದು ಒಂದು ನೋಟ, ಅದು ಪೂರ್ತಿಯಾಗಿ ಜಿಲ್ಲಾಡಳಿತದ ಕೆಲಸ ಎಂಬುದು ಇನ್ನೊಂದು. ಈ ಪತ್ರದ ವಾದವೆಂದರೆ, ಒಂಟಿ ಮನೆ ಇದಕ್ಕೆ ಬಹಳ ಚಿಕ್ಕದು, ಜಿಲ್ಲಾಡಳಿತ ಬಹಳ ದೂರದ್ದು, ಹತ್ತರಿಂದ ಇಪ್ಪತ್ತು ಮನೆಗಳ ಸ್ವಸಹಾಯ ಸಂಘವೇ ಇದಕ್ಕೆ ಸರಿಯಾದ ಅಳತೆಯದು. ಮೈರಾಡದಂಥ ಸಂಸ್ಥೆಗಳು 1980ರ ದಶಕದಲ್ಲಿ ಈ ನಾಡಿನಲ್ಲೇ ಪೋಷಿಸಿದ ಸಣ್ಣ ಗುಂಪುಗಳ ಅನುಭವದ ಬೆನ್ನಲ್ಲೇ 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸ ಆರಂಭಿಸಿತು. 2000–01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದಿತು. ಆ ಬಳಿಕ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವು ಸಂಜೀವಿನಿ ಎಂಬ ಹೆಸರಿನಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳನ್ನು ಕಟ್ಟಿತು. ನಿಯಮಿತ ಸಭೆ, ನಿಯಮಿತ ಉಳಿತಾಯ, ಒಳಸಾಲ, ಸಕಾಲದ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ ಎಂಬ ಪಂಚಸೂತ್ರಗಳು ಸಂಘಗಳಿಗೆ ಬಾಯಿಪಾಠವಾಗಿವೆ. ಹಣದ ವಿಷಯದಲ್ಲಿ ರೂಢಿಯಾಗಿರುವ ಈ ಶಿಸ್ತನ್ನು ಧಾನ್ಯ, ನೀರು, ಉರುವಲು ಮತ್ತು ಔಷಧಿಗಳಿಗೂ ಹಬ್ಬಿಸಬೇಕೆಂಬುದೇ ಇಲ್ಲಿನ ಕೋರಿಕೆ.

ಹಿಂದಿನ ಮನೆಗಳು ಸ್ವಾವಲಂಬಿಯಾಗಿದ್ದವು, ಈಗಿನವು ಅಂಗಡಿಗೆ ಜೋತುಬಿದ್ದಿವೆ ಎಂಬ ಮಾತು ಆಗಾಗ ಕೇಳಿಬರುವುದರಿಂದ ಅದನ್ನು ಒಮ್ಮೆ ಪರೀಕ್ಷಿಸುವುದು ಅಗತ್ಯ. ದಾಸ್ತಾನಿನ ಜಾಣ್ಮೆಯಲ್ಲಿ ಹಿಂದಿನವರು ಮುಂದಿದ್ದರೆಂಬುದರಲ್ಲಿ ಸಂದೇಹವಿಲ್ಲ. ಕರಾವಳಿಯಲ್ಲಿ ಬೈಹುಲ್ಲಿನಿಂದ ಬಿಗಿಯಾಗಿ ಹೆಣೆದ ಮುಡಿಯೊಳಗೆ ಅಕ್ಕಿ ಮಳೆಗಾಲದ ತೇವ ತಾಗದೆ ಉಳಿಯುತ್ತಿತ್ತು. ಬಯಲುಸೀಮೆಯಲ್ಲಿ ರಾಗಿ ಕಣಜದಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಧಾರವಾಡ, ಗದಗ ಕಡೆಯ ಎರೆನೆಲದ ಊರುಗಳಲ್ಲಿ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿ ಹುಲ್ಲು ಹೊದಿಸಿದ ಕಿರಿದಾದ ಬಾಯಿಯ ಗುಳಿಯಲ್ಲಿ, ತುಂಬಿ ಮೇಲೆ ಕಲ್ಲು ಮಣ್ಣಿನಿಂದ ಮುಚ್ಚುತ್ತಿದ್ದರು. ಮುಚ್ಚಿದ ಗುಳಿಯೊಳಗೆ ಕಾಳು ಮತ್ತು ಹುಳ ಎರಡೂ ಉಸಿರಾಡಿ ಆಮ್ಲಜನಕ ಕರಗಿ, ಇಂಗಾಲದ ಡೈಆಕ್ಸೈಡ್ ತುಂಬಿ, ಹುಳಗಳು ತಾವಾಗಿಯೇ ಸಾಯುವುದು ಹಗೇವಿನ ಗುಟ್ಟು. ಅದೇ ಕಾರಣಕ್ಕೆ ಹಗೇವಿನ ಬಾಯಿ ತೆಗೆದ ಕೂಡಲೇ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ. ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು, ಅದು ತಳದಲ್ಲಿಯೂ ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದನು.

ಆದರೆ ಆ ಹಗೇವು ಯಾರದು, ಇಳಿದ ಆಳು ಯಾರ ಮನೆಯವನು ಎಂಬ ಪ್ರಶ್ನೆಯನ್ನು ಹಳೆಯ ಕಾಲದ ಹೊಗಳಿಕೆ ಕೇಳುವುದಿಲ್ಲ. ಜಮೀನುಳ್ಳ ಮನೆಯ ಕಣಜ ತುಂಬಿರುತ್ತಿದ್ದ ಊರಿನಲ್ಲಿಯೇ ಗೇಣಿದಾರನೂ ಕೂಲಿಯವನೂ ಮಳೆಗಾಲದ ನಡುವೆ ಧಾನ್ಯವನ್ನು ಸಾಲವಾಗಿ ತಂದು, ಸುಗ್ಗಿಯಲ್ಲಿ ಬಡ್ಡಿ ಸೇರಿಸಿ ಅಳೆದುಕೊಡುತ್ತಿದ್ದರು. ತುಳುನಾಡಿನಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಆಟಿ ತಿಂಗಳು ಹಿಂದಿನ ಫಸಲು ಮುಗಿದು ಹೊಸದು ಕೈಗೆ ಬಾರದ ಹಸಿವಿನ ತಿಂಗಳಾಗಿತ್ತು. ಕೆಸುವಿನ ಎಲೆ, ಕಳಲೆ, ಹಲಸಿನ ಬೀಜ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಇವೆಲ್ಲ ಇಂದು ಆಟಿಯ ಹಬ್ಬದೂಟದಲ್ಲಿ ಬಡಿಸಲ್ಪಡುತ್ತಿದ್ದರೂ ಅಂದು ಅನ್ನವಿಲ್ಲದ ಮನೆಗಳನ್ನು ಉಳಿಸಿದ ಆಹಾರಗಳು. ಅಂಥ ಮನೆಗಳಲ್ಲಿ ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಸಿ, ಆ ನೀರನ್ನು ಚೆಲ್ಲಿಯೇ ಬೇಯಿಸಬೇಕು, ಇಲ್ಲವಾದರೆ ಅದರಲ್ಲಿರುವ ಸಯನೈಡ್ ಹುಟ್ಟಿಸುವ ವಸ್ತು ಮೈಗೆ ಹಾನಿ ಮಾಡುತ್ತದೆಂಬ ತಿಳಿವಳಿಕೆ ರಸಾಯನಶಾಸ್ತ್ರದ ನೆರವಿಲ್ಲದೆಯೇ ತಲೆಮಾರಿನಿಂದ ತಲೆಮಾರಿಗೆ ದಾಟಿಬಂದಿತು. ಆದ್ದರಿಂದ ಹಳೆಯ ಕಾಲದಿಂದ ಪಡೆಯಬೇಕಾದದ್ದು ಕಾಪಿಡುವ ಜಾಣ್ಮೆಯನ್ನು. ಬಿಡಬೇಕಾದದ್ದು ಒಬ್ಬರ ಕಣಜಕ್ಕೆ ಹಲವರ ಸಾಲ ಆಧಾರವಾಗಿದ್ದ ವ್ಯವಸ್ಥೆಯನ್ನು. ಎಲ್ಲ ಸದಸ್ಯೆಯರೂ ಸಮಾನ ಹಕ್ಕಿನಿಂದ ಕೂರುವ ಸಂಘದ ಸಭೆಯಲ್ಲಿ ಮಾತ್ರ ಇವೆರಡನ್ನು ಬೇರ್ಪಡಿಸಲು ಸಾಧ್ಯ.

ಹೀಗೆ ನೋಡಿದಾಗ ಸಿದ್ಧತೆಯನ್ನು ಮೂರು ಹಂತಗಳಲ್ಲಿ ಹಂಚಬಹುದು: ದಿನವೂ ಬಳಸುವ ವಸ್ತುಗಳ ದಾಸ್ತಾನು ಮನೆಯಲ್ಲಿರಬೇಕು, ಎಲ್ಲರ ಮನೆಯಲ್ಲಿಯೂ ಇರಬೇಕಾಗಿಲ್ಲದ ಸಲಕರಣೆ, ಆಪತ್ ನಿಧಿ ಮತ್ತು ಧಾನ್ಯದ ಮೀಸಲು ಸಂಘದಲ್ಲಿರಬೇಕು, ಮುನ್ಸೂಚನೆ, ಸಾಗಣೆ, ಕಾಳಜಿ ಕೇಂದ್ರಗಳ ವಿಷಯದಲ್ಲಿ ಪಂಚಾಯಿತಿಯನ್ನೂ ತಾಲ್ಲೂಕು ಆಡಳಿತವನ್ನೂ ಕೇಳಿ ಪಡೆಯುವ ಹೊಣೆ ಒಕ್ಕೂಟದ್ದಾಗಿರಬೇಕು.

ಮನೆಯ ದಾಸ್ತಾನಿಗೆ ಹದಿನೈದು ದಿನಗಳ ಅವಧಿಯನ್ನು ಗುರಿಯಾಗಿಟ್ಟುಕೊಳ್ಳುವುದು ಅನುಕೂಲ. ತಿಂಗಳ ಪಡಿತರದ ನಡುವೆ ಒಂದು ಸರದಿ ತಪ್ಪಿದರೂ ಅಷ್ಟು ದಿನ ಮನೆ ನಡೆಯುತ್ತದೆ, ಮತ್ತು ಅಷ್ಟನ್ನು ಕೂಡಿಡಲು ಪ್ರತ್ಯೇಕ ಕೋಣೆ ಬೇಕಾಗುವುದಿಲ್ಲ. ಮೈಮುರಿದು ದುಡಿಯುವ ವಯಸ್ಕರಿಗೆ ದಿನಕ್ಕೆ 350ರಿಂದ 400 ಗ್ರಾಂ ಧಾನ್ಯ ಬೇಕೆಂದು ಹಿಡಿದರೆ, ಮಕ್ಕಳು ಮುದುಕರೂ ಸೇರಿದ ಐದು ಜನರ ಮನೆಗೆ ಹದಿನೈದು ದಿನಕ್ಕೆ ಸುಮಾರು 25 ಕೆ.ಜಿ. ಅಕ್ಕಿ, ರಾಗಿ ಅಥವಾ ಜೋಳ ಸಾಕಾಗುತ್ತದೆ. ಅದರೊಂದಿಗೆ ನಾಲ್ಕೈದು ಕೆ.ಜಿ. ಬೇಳೆಕಾಳು, ಎರಡು ಲೀಟರ್ ಎಣ್ಣೆ, ಒಂದು ಕೆ.ಜಿ. ಉಪ್ಪು, ಎರಡು ಕೆ.ಜಿ. ಬೆಲ್ಲ, ಹುಣಸೆಹಣ್ಣು ಮತ್ತು ಸಾರಿನಪುಡಿ ಇದ್ದರೆ ಊಟ ನಡೆಯುತ್ತದೆ. ಒಲೆ ಹಚ್ಚಲಾಗದ ದಿನಗಳಿಗೆಂದು ಆಯಾ ಸೀಮೆಯ ಸಿದ್ಧ ಆಹಾರವನ್ನು ಬೇರೆಯಾಗಿ ಇಡಬೇಕು: ಹಳೆಯ ಮೈಸೂರಿನ ಕಡೆ ರಾಗಿಯ ಹುರಿಹಿಟ್ಟು, ಉತ್ತರ ಕರ್ನಾಟಕದಲ್ಲಿ ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ, ಕರಾವಳಿ ಮಲೆನಾಡಿನಲ್ಲಿ ಅವಲಕ್ಕಿ ಮತ್ತು ಬೆಲ್ಲ. ಈ ವಸ್ತುಗಳ್ಯಾವುವೂ ವಿಪತ್ತಿಗೆಂದು ಹೊಸದಾಗಿ ಕೊಳ್ಳುವಂಥವಲ್ಲ. ಮನೆಯವರು ಎಂದಿನಿಂದಲೂ ಉಣ್ಣುವುದನ್ನೇ ತುಸು ಹೆಚ್ಚಾಗಿ ತಂದು, ಹಳೆಯದನ್ನು ಮೊದಲು ಬಳಸಿ, ಹೊಸದನ್ನು ಹಿಂದಕ್ಕೆ ಸರಿಸುತ್ತ ಹೋದರೆ ದಾಸ್ತಾನು ತಾನಾಗಿಯೇ ತಾಜಾ ಇರುತ್ತದೆ. ಯಾರೂ ತಿನ್ನದ ಪೊಟ್ಟಣಗಳನ್ನು ಮೂಲೆಯಲ್ಲಿ ಪೇರಿಸಿಟ್ಟರೆ ಅದು ಅವಧಿ ಮೀರಿ ಚೆಲ್ಲುವ ಸರಕಷ್ಟೇ.

ಕಾಪಿಡುವಲ್ಲಿ ಮೊದಲ ಶತ್ರು ತೇವ. ಭತ್ತ, ಅಕ್ಕಿಗಳಲ್ಲಿ ನೀರಿನಂಶ ಶೇ. 14ನ್ನು ಮೀರಿದರೆ ಬೂಷ್ಟು ಹಿಡಿಯುವುದೂ ನುಸಿ ಬೀಳುವುದೂ ಬೇಗ. ಶೇಂಗಾ ಮತ್ತು ಮೆಕ್ಕೆಜೋಳಗಳಿಗೆ ತಗಲುವ ಒಂದು ಬಗೆಯ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಬೇಯಿಸಿದರೂ ಹೋಗುವುದಿಲ್ಲವಾದ್ದರಿಂದ ಬೂಷ್ಟು ಹಿಡಿದ ಕಾಳನ್ನು ತೊಳೆದು ಬಳಸುವ ಅಭ್ಯಾಸವನ್ನು ಬಿಡಬೇಕು. ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಕಾಳಿನ ಬಿಸಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಡಬ್ಬಿಯನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡುವುದು, ಬೇಳೆಗೆ ತುಸು ಎಣ್ಣೆ ಸವರುವುದು, ಬಿತ್ತನೆಯ ತೊಗರಿ ಅವರೆಗಳಿಗೆ ಕೆಮ್ಮಣ್ಣು ಕಟ್ಟುವುದು, ಇವೆಲ್ಲ ಸಂಘದ ಹಿರಿಯ ಸದಸ್ಯೆಯರು ಬಲ್ಲ ಕೆಲಸಗಳು. ಬೇಸಿಗೆಯ ಒಂದು ಸಭೆಯನ್ನು ಇದಕ್ಕೆಂದೇ ಮೀಸಲಿಟ್ಟು ಅವರಿಂದ ಮಾಡಿಸಿ ನೋಡಿದರೆ ಕಿರಿಯ ಸದಸ್ಯೆಯರಿಗೆ ಅದು ಕಣ್ಣೆದುರಿನ ಪಾಠವಾಗುತ್ತದೆ. ಹಿತ್ತಲಲ್ಲಿ ಒಂದು ನುಗ್ಗೆ, ಒಂದು ಪಪ್ಪಾಯಿ, ಬಸಳೆಯ ಚಪ್ಪರ ಮತ್ತು ಹರಿವೆಯ ಮಡಿ ಇದ್ದರೆ ತರಕಾರಿ ಬಾರದ ವಾರದಲ್ಲಿ ಸಾರಿಗೆ ಸೊಪ್ಪಿನ ಕೊರತೆಯಾಗುವುದಿಲ್ಲ; ಹಿತ್ತಲಿಲ್ಲದ ಮನೆಯವರು ಸಂಘದ ಇನ್ನೊಬ್ಬರ ಜಾಗದಲ್ಲಿ ಪಾಲಿಗೆ ಬೆಳೆಯಬಹುದು.

ನೀರಿನ ವಿಷಯದಲ್ಲಿ ಸೀಮೆಗೊಂದು ಲೆಕ್ಕ. ಮಳೆ ಕಡಿಮೆಯಿರುವ ಜಿಲ್ಲೆಗಳಲ್ಲಿ ಚಾವಣಿ ನೀರಿನ ಸಂಗ್ರಹ, ಅಂದರೆ ಮಾಡಿನ ಮೇಲೆ ಬಿದ್ದ ಮಳೆಯನ್ನು ದೋಣಿಯ ಮೂಲಕ ತೊಟ್ಟಿಗೆ ಹಾಯಿಸುವ ವಿಧಾನ, ಎಷ್ಟು ಫಲ ಕೊಡುತ್ತದೆಂಬುದನ್ನು ಯಾವ ಸಂಘವೂ ತಾನೇ ಲೆಕ್ಕಹಾಕಬಹುದು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. 50 ಚದರ ಮೀಟರ್ ಚಾವಣಿಯ ಮನೆಗೆ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದು ಅದರಲ್ಲಿ ಐದನೆಯ ಒಂದು ಭಾಗ ಪೋಲಾದರೂ 20,000 ಲೀಟರ್ ಉಳಿಯುತ್ತದೆ. ಐದು ಜನರಿಗೆ ಕುಡಿಯಲು ಮತ್ತು ಅಡುಗೆಗೆ ತಲೆಗೆ ಐದು ಲೀಟರಿನಂತೆ ಇಡೀ ವರ್ಷಕ್ಕೆ ಬೇಕಾಗುವುದು ಸುಮಾರು 9,100 ಲೀಟರ್ ಆದ್ದರಿಂದ, ತೊಟ್ಟಿ ಸಾಕಷ್ಟು ದೊಡ್ಡದಿದ್ದರೆ ಬರಪೀಡಿತ ಜಿಲ್ಲೆಯ ಸಾಧಾರಣ ಮನೆಯೂ ಕುಡಿಯುವ ನೀರಿನ ಮಟ್ಟಿಗೆ ತನ್ನ ಕಾಲ ಮೇಲೆ ನಿಲ್ಲಬಲ್ಲುದು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪಾವಗಡದಂಥ ತಾಲ್ಲೂಕುಗಳಲ್ಲಿ ಇದರ ಬೆಲೆ ಇನ್ನೂ ಹೆಚ್ಚು, ಏಕೆಂದರೆ ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಮೊದಲ ಮಳೆಯ ನೀರು ಚಾವಣಿಯ ಧೂಳು, ಹಿಕ್ಕೆಗಳನ್ನು ತೊಳೆದುಕೊಂಡು ಬರುವುದರಿಂದ ಅದನ್ನು ಹೊರಗೆ ಬಿಡಬೇಕೆಂಬುದನ್ನು ಮಾತ್ರ ಮರೆಯಬಾರದು.

ಮಳೆ ಹೆಚ್ಚಿರುವ ಸೀಮೆಯಲ್ಲಿ ನೀರಿನ ಕೊರತೆಗಿಂತ ನೀರಿನ ಕೊಳೆ ದೊಡ್ಡ ತೊಂದರೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಕೆಲಸವನ್ನು ಅಂದಾಜಿನಲ್ಲಿ ಮಾಡದೆ ಅಳೆದು ಮಾಡಲು ಸಂಘದ ಇಬ್ಬರು ಸದಸ್ಯೆಯರು ಕಲಿತರೆ ಸಾಕು. ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದ ಸಂಖ್ಯೆಯನ್ನು 785ರಿಂದ ಗುಣಿಸಿದರೆ ಬಾವಿಯಲ್ಲಿರುವ ನೀರು ಲೀಟರಿನಲ್ಲಿ ಸಿಗುತ್ತದೆ. ಎರಡು ಮೀಟರ್ ವ್ಯಾಸದ, ಐದು ಮೀಟರ್ ನೀರಿರುವ ಬಾವಿಯಲ್ಲಿ ಇದು 15,700 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನ ಲೆಕ್ಕದಲ್ಲಿ ಆ ಬಾವಿಗೆ ಬೇಕಾಗುವುದು ಸುಮಾರು 40 ಗ್ರಾಂ ಪೌಡರ್. ಅದನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ಆಗುವವರೆಗೆ ನೀರು ಬೆರೆಸಿ, ಐದು ಹತ್ತು ನಿಮಿಷ ಬಿಟ್ಟರೆ ಸುಣ್ಣದಂಶ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಸಿದು, ಬಾವಿಯ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಜಗ್ಗಿ ಕದಡಿ, ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದದಂತೆ ನೋಡಿಕೊಳ್ಳಬೇಕು. ರಾತ್ರಿ ಎಲ್ಲರೂ ನೀರು ಸೇದಿ ಮುಗಿಸಿದ ಮೇಲೆ ಮಾಡಿದರೆ ಬೆಳಗಿನ ವೇಳೆಗೆ ನೀರು ಬಳಕೆಗೆ ಸಿದ್ಧ. ತೆರೆದಿಟ್ಟ ಪೌಡರ್ ತನ್ನ ಕ್ಲೋರಿನ್ ಕಳೆದುಕೊಳ್ಳುವುದರಿಂದ ಅದನ್ನು ಒಣಗಿದ, ಕತ್ತಲೆಯ ಜಾಗದಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ನೆರೆಯ ನೀರು ನುಗ್ಗಿದ ಬಾವಿಗೆ ಈ ಪ್ರಮಾಣ ಸಾಲದು. ಅದನ್ನು ಖಾಲಿ ಮಾಡಿ ತೊಳೆದು, ಆರೋಗ್ಯ ಇಲಾಖೆಯ ಸಿಬ್ಬಂದಿ ಪರೀಕ್ಷಿಸಿದ ಮೇಲಷ್ಟೇ ಬಳಸಬೇಕು. ಅಲ್ಲಿಯವರೆಗೆ ನೀರನ್ನು ತಳಮಳ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ ಕುಡಿಯುವುದು ಕ್ಷೇಮ.

ಉರುವಲಿನ ವಿಷಯದಲ್ಲಿ ಒಂದೇ ಮೂಲವನ್ನು ನಂಬುವುದು ಅಪಾಯಕಾರಿ. 14.2 ಕೆ.ಜಿ. ಗ್ಯಾಸ್ ಸಿಲಿಂಡರ್ ಸಾಧಾರಣ ಮನೆಯಲ್ಲಿ ತಿಂಗಳೊಂದರ ಸುಮಾರು ಬರುತ್ತದೆಯಾದರೂ ಅದು ಯಾವ ದಿನ ಮುಗಿಯುತ್ತದೆಂಬುದನ್ನು ಮಳೆ ಕೇಳುವುದಿಲ್ಲ. ಎರಡನೆಯ ಸಿಲಿಂಡರ್ ಪಡೆಯಲಾಗದ ಮನೆಗಳಿಗೆ ಸೌದೆ ಒಲೆಯೊಂದು ಸುಸ್ಥಿತಿಯಲ್ಲಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕವು ರೂಪಿಸಿದ ಅಸ್ತ್ರ ಒಲೆ ಕಡಿಮೆ ಸೌದೆಯಲ್ಲಿ ಹೆಚ್ಚು ಅಡುಗೆ ಮಾಡಿ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವುದರಿಂದ ಅದು ಇಂದಿಗೂ ಬಳಕೆಗೆ ಯೋಗ್ಯ. ಕಾಳುಗಳನ್ನು ಹಿಂದಿನ ರಾತ್ರಿಯೇ ನೆನೆಸಿದರೆ ಉರುವಲು ಉಳಿಯುತ್ತದೆ. ಮಲೆನಾಡಿನ ಜಡಿಮಳೆಯಲ್ಲಿ ಬಾಗಿಲು ಕಿಟಕಿ ಮುಚ್ಚಿದ ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವ ಅಭ್ಯಾಸವನ್ನು ಮಾತ್ರ ಖಡಾಖಂಡಿತವಾಗಿ ನಿಲ್ಲಿಸಬೇಕು. ಇದ್ದಿಲಿನಿಂದ ಹೊರಡುವ ಇಂಗಾಲದ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿರುವವರನ್ನು ಅದು ಎಚ್ಚರಗೊಳ್ಳಲು ಬಿಡುವುದಿಲ್ಲ.

ಔಷಧಿ ಮತ್ತು ಕಾಗದಪತ್ರಗಳ ಮಾತು ಚಿಕ್ಕದಾದರೂ ಸಂಕಷ್ಟದಲ್ಲಿ ಮೊದಲು ನೆನಪಾಗುವುದು ಅವೇ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂರ್ಛೆರೋಗಗಳಿಗೆ ದಿನವೂ ಗುಳಿಗೆ ನುಂಗುವವರ ಹದಿನೈದು ದಿನದ ಔಷಧಿ ಮುಂಗಡವಾಗಿ ಮನೆಯಲ್ಲಿರಬೇಕು. ವಾಂತಿಭೇದಿಗೆ ಓಆರ್‌ಎಸ್ ಪೊಟ್ಟಣ ಸಿಗದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬಹುದು. ಹಾವು ಕಚ್ಚಿದಾಗ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಇವುಗಳಲ್ಲಿ ಯಾವುದನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲುಗಾಡಿಸದಂತೆ ಇರಿಸಿ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. ಅಂಥ ಆಸ್ಪತ್ರೆ ಹತ್ತಿರದಲ್ಲಿ ಯಾವುದೆಂಬುದನ್ನು ಮಳೆಗಾಲಕ್ಕೆ ಮೊದಲೇ ಕೇಳಿ ತಿಳಿದಿರಬೇಕು. ಪಡಿತರ ಚೀಟಿ, ಆಧಾರ್, ಪಹಣಿ, ಪಾಸ್‌ಬುಕ್‌ಗಳನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ನಕಲುಗಳನ್ನು ಡಿಜಿಲಾಕರಿನಲ್ಲಿ ಅಥವಾ ಬೇರೆ ಊರಿನ ನೆಂಟರ ಮನೆಯಲ್ಲಿ ಇರಿಸುವುದು ಒಳಿತು, ಏಕೆಂದರೆ ಮನೆ ಬಿದ್ದ ಮೇಲೆ ಪರಿಹಾರದ ಅರ್ಜಿಗೆ ಬೇಕಾಗುವ ದಾಖಲೆಗಳು ಬಿದ್ದ ಮನೆಯೊಳಗೇ ಉಳಿದಿರುತ್ತವೆ.

ಸಂಘದ ಮಟ್ಟದಲ್ಲಿ ಆಗಬೇಕಾದ ಕೆಲಸಗಳು ಮೂರು. ಮೊದಲನೆಯದು ಆಪತ್ ನಿಧಿ. ಹದಿನೈದು ಸದಸ್ಯೆಯರು ಎಂದಿನ ಉಳಿತಾಯದ ಜೊತೆಗೆ ವಾರಕ್ಕೆ ಹತ್ತು ರೂಪಾಯಿ ಪ್ರತ್ಯೇಕವಾಗಿ ಕಟ್ಟಿದರೆ ವರ್ಷಕ್ಕೆ 7,800 ರೂಪಾಯಿ ಕೂಡುತ್ತದೆ. ಇದನ್ನು ಒಳಸಾಲದ ಹಣದೊಂದಿಗೆ ಬೆರೆಸದೆ, ಮನೆಗೆ ಹಾನಿಯಾದಾಗ, ಕಾಯಿಲೆ ಬಿದ್ದಾಗ, ಕೂಲಿ ನಿಂತಾಗ ಬಡ್ಡಿಯಿಲ್ಲದೆ ಕೊಡಬೇಕು. ಮೊತ್ತ ಚಿಕ್ಕದೆನಿಸಿದರೂ, ಅಂಥ ಹೊತ್ತಿನಲ್ಲಿ ಕೈಗೆ ಬಂದ ಎರಡು ಸಾವಿರ ರೂಪಾಯಿ ಒಂದು ಕುಟುಂಬವನ್ನು ಮೈಕ್ರೊಫೈನಾನ್ಸ್ ಸಾಲದ ಮೇಲೆ ಇನ್ನೊಂದು ಸಾಲ ತೆಗೆಯುವುದರಿಂದ ತಡೆಯಬಲ್ಲುದು. ಸಾಲ ವಸೂಲಿಯ ಕಿರುಕುಳವನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂದದ್ದು ಈ ಸಾಲಗಳ ಭಾರಕ್ಕೆ ಸಾಕ್ಷಿ.

ಎರಡನೆಯದು ಧಾನ್ಯದ ಮೀಸಲು. ಪ್ರತಿ ಮನೆಯಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುವ ಹಿಡಿಯಕ್ಕಿಯ ಪದ್ಧತಿ ಹಳೆಯದು. ದಿನಕ್ಕೆ 50 ಗ್ರಾಮಿನಂತೆ ಹದಿನೈದು ಮನೆಗಳಿಂದ ತಿಂಗಳಿಗೆ 22.5 ಕೆ.ಜಿ. ಆಗುತ್ತದೆ. ಸಂಘವು ಇದನ್ನು ಸುಗ್ಗಿಯವರೆಗೆ ಕಾಯ್ದಿಟ್ಟು, ಅಗತ್ಯವಿದ್ದವರಿಗೆ ಧಾನ್ಯರೂಪದಲ್ಲೇ ಕೊಟ್ಟು, ಧಾನ್ಯರೂಪದಲ್ಲೇ ಬಡ್ಡಿಯಿಲ್ಲದೆ ಮರಳಿ ಪಡೆಯಬಹುದು. ಬೀದರಿನ ಗಡಿಗೆ ತಾಗಿದ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳಾ ಸಂಘಗಳು ಬೀಳುಬಿದ್ದ ಹೊಲಗಳಲ್ಲಿ ಜೋಳ ಬೆಳೆಸಿ, ಅದರ ಒಂದು ಪಾಲನ್ನು ಊರಿನ ಕಡುಬಡವರಿಗೆ ಮೀಸಲಿಡುವ ಸಮುದಾಯ ಧಾನ್ಯನಿಧಿಯನ್ನು ನಡೆಸಿ ತೋರಿಸಿವೆ. ಯಾರು ಕಡುಬಡವರೆಂಬುದನ್ನು ಊರಿನವರೇ ಕೂತು ತೀರ್ಮಾನಿಸಿದ್ದು ಆ ಪ್ರಯೋಗದ ಸತ್ವ. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘವು ಸಿರಿಧಾನ್ಯಗಳ ಬೀಜ ಬ್ಯಾಂಕ್ ಮತ್ತು ಸಂಸ್ಕರಣೆಯ ಕೆಲಸಕ್ಕಾಗಿ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆಯಿತು. ಬರದ ವರ್ಷದ ಮರುವರ್ಷ ಬಿತ್ತಲು ಬೀಜವೇ ಇಲ್ಲದ ಸ್ಥಿತಿಯನ್ನು ತಪ್ಪಿಸುವುದೂ ಸಿದ್ಧತೆಯ ಭಾಗವೆಂಬುದನ್ನು ಈ ಸಂಘದ ಕೆಲಸ ಮನಗಾಣಿಸುತ್ತದೆ.

ಮೂರನೆಯದು ಪಟ್ಟಿ. ಸಂಘದ ವ್ಯಾಪ್ತಿಯಲ್ಲಿ ಒಂಟಿಯಾಗಿರುವ ವೃದ್ಧರು, ಗರ್ಭಿಣಿಯರು, ಬಾಣಂತಿಯರು, ಅಂಗವಿಕಲರು, ಡಯಾಲಿಸಿಸ್‌ನಂಥ ಚಿಕಿತ್ಸೆಯಲ್ಲಿರುವವರು, ಗುಡ್ಡದ ಬುಡದಲ್ಲಿ ಅಥವಾ ಹಳ್ಳದ ಅಂಚಿನಲ್ಲಿ ಮನೆ ಮಾಡಿಕೊಂಡವರು ಯಾರೆಂಬುದನ್ನು ಬರೆದು, ಪ್ರತಿಯೊಬ್ಬರ ಹೆಸರಿನ ಮುಂದೆ ಅವರನ್ನು ವಿಚಾರಿಸಿಕೊಳ್ಳುವ ಸದಸ್ಯೆಯ ಹೆಸರನ್ನು ಬರೆಯಬೇಕು. ಹವಾಮಾನ ಇಲಾಖೆಯ ಬಣ್ಣಗಳ ಅರ್ಥ ಎಲ್ಲರಿಗೂ ತಿಳಿದಿರಬೇಕು: ಹಳದಿಯೆಂದರೆ ಗಮನವಿಡಬೇಕು, ಕಿತ್ತಳೆಯೆಂದರೆ ಹೊರಡಲು ಸಜ್ಜಾಗಿರಬೇಕು, ಕೆಂಪೆಂದರೆ ಕ್ರಮ ಕೈಗೊಳ್ಳಬೇಕು, ದಿನವೊಂದರಲ್ಲಿ 204.4 ಮಿ.ಮೀ.ಗಿಂತ ಹೆಚ್ಚು ಸುರಿಯುವ ಮಳೆಯನ್ನು ಇಲಾಖೆ ಅತ್ಯಂತ ಭಾರಿ ಮಳೆಯೆಂದು ಕರೆಯುತ್ತದೆ. ಕೆಂಪು ಎಚ್ಚರಿಕೆ ಬಂದಾಗ ಪಟ್ಟಿಯಲ್ಲಿರುವವರನ್ನು ಹಗಲು ಹೊತ್ತಿನಲ್ಲೇ ಸ್ಥಳಾಂತರಿಸುವ ಹೊಣೆ ಹೊತ್ತ ಸದಸ್ಯೆಗೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077, ತುರ್ತು ನೆರವಿನ 112, ಆಂಬುಲೆನ್ಸಿನ 108 ಈ ಮೂರು ಸಂಖ್ಯೆಗಳೂ, ಚಾರ್ಜು ತುಂಬಿದ ಪವರ್ ಬ್ಯಾಂಕೂ ಕೈಯಳತೆಯಲ್ಲಿರಬೇಕು. ಸೌರ ದೀಪ, ಹಗ್ಗ, ಟಾರ್ಪಾಲು, ದೊಡ್ಡ ಅಡುಗೆ ಪಾತ್ರೆ, ಬ್ಲೀಚಿಂಗ್ ಪೌಡರ್ ಇವನ್ನು ಎತ್ತರದ ಜಾಗದಲ್ಲಿರುವ ಒಂದು ಮನೆಯಲ್ಲಿಟ್ಟು ಲೆಕ್ಕದ ಪುಸ್ತಕದಲ್ಲಿ ದಾಖಲಿಸಬೇಕು.

ಈ ಸಲಹೆಗಳಿಗೆ ಆಕ್ಷೇಪಗಳಿಲ್ಲದೆ ಇಲ್ಲ. ಇಂದಿನ ಊಟಕ್ಕೇ ತತ್ವಾರವಿರುವ ಮನೆ ಹದಿನೈದು ದಿನಕ್ಕೆ ಏನನ್ನು ಕೂಡಿಡಬೇಕೆಂಬುದು ಮೊದಲನೆಯದು, ಮತ್ತು ಅದು ನ್ಯಾಯವಾದುದೂ ಹೌದು; ಅಂಥ ಮನೆಗಳಿಗಾಗಿಯೇ ಧಾನ್ಯದ ಮೀಸಲಿರುವುದರಿಂದ, ಹಿಡಿಯಕ್ಕಿಯನ್ನು ಹಾಕಲಾರದವರಿಂದ ಕೇಳದೆ, ಪಡೆಯುವಾಗ ಅವರನ್ನೇ ಮೊದಲಿಗರನ್ನಾಗಿಸುವ ನಿಯಮವನ್ನು ಬರೆದಿಡಬೇಕು. ಜನರು ತಾವೇ ಸಜ್ಜಾದರೆ ಸರ್ಕಾರ ಕೈತೊಳೆದುಕೊಳ್ಳುತ್ತದೆಂಬುದು ಎರಡನೆಯದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯು ಪ್ರತಿ ಜಿಲ್ಲೆಯಲ್ಲಿ ಪ್ರಾಧಿಕಾರವನ್ನು ರಚಿಸಿ ಯೋಜನೆ ಸಿದ್ಧಪಡಿಸುವ ಹೊಣೆಯನ್ನು ಕಾನೂನಿನಿಂದಲೇ ಹೊರಿಸಿರುವಾಗ, ತನ್ನ ಊರಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಗ್ರಾಮಸಭೆಯಲ್ಲಿ ಪ್ರಶ್ನಿಸುವ ಸಂಘವು ಆ ಹೊಣೆಯನ್ನು ನೆನಪಿಸುತ್ತದೆಯೇ ಹೊರತು ಮನ್ನಾ ಮಾಡುವುದಿಲ್ಲ. ಇದು ಹೆಂಗಸರ ತಲೆಯ ಮೇಲೆ ಇನ್ನೊಂದು ಹೊರೆಯೆಂಬುದು ಮೂರನೆಯ ಆಕ್ಷೇಪ. ಒಣಗಿಸುವುದು, ತುಂಬುವುದು, ನೀರು ಹೊರುವುದು ಈಗಾಗಲೇ ಅವರ ಪಾಲಿಗಿರುವುದರಿಂದ ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಚಾವಣಿಯ ದೋಣಿ ಕಟ್ಟುವುದು, ತೊಟ್ಟಿ ತೊಳೆಯುವುದು, ಸೌದೆ ಸೀಳಿ ಅಟ್ಟಕ್ಕೇರಿಸುವುದು, ಸದಸ್ಯೆಯರು ಅಳೆದುಕೊಟ್ಟ ಪೌಡರನ್ನು ಬಾವಿಗೆ ಹಾಕುವುದು ಇವು ಮನೆಯ ಗಂಡಸರ ಕೆಲಸವೆಂದು ಸಂಘವೇ ಹಂಚಿಕೆ ಮಾಡಿ ಬರೆದಿಟ್ಟರೆ, ಆ ಹಂಚಿಕೆ ಮನೆಮನೆಯ ಜಗಳವಾಗದೆ ಊರಿನ ನಿಯಮವಾಗುತ್ತದೆ. ಸುದ್ದಿ ಕೇಳಿದ ಕೂಡಲೇ ಅಂಗಡಿಗೆ ನುಗ್ಗಿ ಇದ್ದದ್ದನ್ನೆಲ್ಲ ಕೊಂಡು ತರುವುದು ಈ ಪತ್ರ ಹೇಳುವ ಸಿದ್ಧತೆಗೆ ನೇರ ವಿರುದ್ಧವಾದುದು. 2020ರ ಮಾರ್ಚ್‌ನಲ್ಲಿ ಹಾಗೆ ಕೊಂಡವರಿಂದ ಬರಿದಾದದ್ದು ಅಂದಂದಿನ ಕೂಲಿಯಲ್ಲಿ ಅಂದಂದಿಗೆ ಕೊಳ್ಳುವವರ ಪಾಲು.

ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘವು ನಡವಳಿ ಪುಸ್ತಕದಲ್ಲಿ ಮೂರು ಠರಾವುಗಳನ್ನು ಬರೆಯಬೇಕೆಂದು ಕೋರಲಾಗಿದೆ: ಆಪತ್ ನಿಧಿಗೆ ಪ್ರತಿ ಸದಸ್ಯೆ ಕಟ್ಟುವ ಮೊತ್ತ ಮತ್ತು ಅದನ್ನು ಹಿಂಪಡೆಯಲು ಸಹಿ ಮಾಡುವ ಮೂವರ ಹೆಸರು, ಧಾನ್ಯದ ಮೀಸಲು ಇರುವ ಮನೆ ಮತ್ತು ಕೊಡುವ, ಮರಳಿ ಪಡೆಯುವ ನಿಯಮ, ವಿಚಾರಿಸಿಕೊಳ್ಳಬೇಕಾದವರ ಪಟ್ಟಿ ಮತ್ತು ಪ್ರತಿ ಹೆಸರಿನ ಹೊಣೆ ಹೊತ್ತ ಸದಸ್ಯೆ. ಈ ಮೂರರ ನಕಲನ್ನು ಒಕ್ಕೂಟದ ಮೂಲಕ ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆದು, ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರು ಮುಗಿದ ಮೇಲೆ ಇನ್ನೊಮ್ಮೆ ತಿದ್ದಬೇಕು. ಉಳಿತಾಯದ ಪುಸ್ತಕದಲ್ಲಿ ಒಂದು ರೂಪಾಯಿ ತಪ್ಪಿದರೂ ಸಭೆ ಮುಗಿಸದ ಸಂಘಗಳಿಗೆ ಈ ಲೆಕ್ಕವೂ ಕಷ್ಟವಾಗಲಾರದು.

ಇಂತಿ,
ಸಂಘಗಳ ಹಿತೈಷಿ